ಪೆಟ್ಟಿಗೆ ಹರಿದು ಬಂದ ಹೊಸ ಮೊಬೈಲ್: ಸೀಲ್ ಒಡೆಯಬೇಕೋ, ಹಾಗೆಯೇ ಮರಳಿಸಬೇಕೋ?

ಹುಲೇಕಲ್ ರಸ್ತೆಯವಳು, ಶಿರಸಿ:

ನಿನ್ನೆ ನನ್ನ ಹೊಸ ಮೊಬೈಲ್ ಬಂತು. ಮನೆಗಲ್ಲ, ಬಸ್ ನಿಲ್ದಾಣದ ಎದುರಿನ ಅಂಗಡಿಗೆ. ಪುನರ್ವಸು ಮಳೆ ಹೊಡೆಯುವಾಗ ನಮ್ಮ ಮನೆಯ ಇಳಿಜಾರಿನಲ್ಲಿ ಬೈಕ್ ಇಳಿಸಲು ಯಾವ ಕೊರಿಯರ್ ಹುಡುಗನೂ ಒಪ್ಪುವುದಿಲ್ಲ, ಒಪ್ಪಬೇಕೆಂದು ನಾನೂ ಹೇಳುವುದಿಲ್ಲ. ಸಂಜೆ ಡೇರಿಗೆ ಹಾಲು ಹಾಕಿ ಬರುವಾಗ ನಮ್ಮವರು ಪೊಟ್ಟಣ ತಂದರು.

ಹೊರಗಿನ ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ಒಳಕ್ಕೆ ಕುಸಿದಿದೆ. ಬದಿ ಹರಿದು ಒಳಗಿನ ಬಿಳಿ ಪೆಟ್ಟಿಗೆ ಇಣುಕುತ್ತಿದೆ. ತಳವೆಲ್ಲ ತೇವ. ಹರಿದ ಕಡೆ ಯಾರೋ ಕಂದು ಟೇಪು ಸುತ್ತಿದ್ದಾರೆ. ಬೇರೆಲ್ಲ ಟೇಪಿನ ಮೇಲೆ ಮಾರಿದ ಸಂಸ್ಥೆಯ ಹೆಸರು ಅಚ್ಚಾಗಿದೆ, ಈ ಟೇಪು ಬೋಳು. ಒಂದು ಬದಿಯಲ್ಲಿ ನೀಲಿ ಕಲೆಯೂ ಇದೆ. ಅದು ಮಾತ್ರ ಕೊರಿಯರಿನವರದ್ದಲ್ಲ, ಅಂಗಡಿಯಲ್ಲಿ ಮೈಲುತುತ್ತದ ಚೀಲದ ಪಕ್ಕ ಇಟ್ಟಿದ್ದರಿಂದ ಆದದ್ದು. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ನಮ್ಮಲ್ಲಿ ನೀಲಿ ಹತ್ತದ ವಸ್ತುವೇ ಇರುವುದಿಲ್ಲ. ಹರುಕಿನಿಂದ ನೋಡಿದರೆ ಒಳಪೆಟ್ಟಿಗೆಯ ಸೀಲ್ ಪಟ್ಟಿಯ ತುದಿ ಎದ್ದಿರುವಂತೆ ಕಾಣುತ್ತದೆ.

ಹದಿನೆಂಟು ಸಾವಿರ ಚಿಲ್ಲರೆ ರೂಪಾಯಿ ಮುಂಗಡವಾಗಿಯೇ ಕೊಟ್ಟಾಗಿದೆ. ಗ್ರಾಹಕ ಸೇವೆಯವರಿಗೆ ಕರೆ ಮಾಡಿದರೆ, ಪೊಟ್ಟಣಕ್ಕೆ ಆದ ಹಾನಿ ದೋಷವಲ್ಲ, ತೆರೆದು ಬಳಸಿ ನೋಡಿ, ಮೊಬೈಲ್ ಕೆಟ್ಟಿದ್ದರೆ ತಿಳಿಸಿ ಎನ್ನುತ್ತಾರೆ. ತೆರೆದ ಮೇಲೆ ‘ಸೀಲ್ ಒಡೆದವರು ನೀವೇ’ ಎಂದರೆ ನಾನು ಏನು ತೋರಿಸಲಿ?

ನಮ್ಮವರು ‘ರಟ್ಟು ಕಟ್ಟಿಕೊಂಡು ಏನು ಮಾಡುತ್ತೀಯ, ಮೊಬೈಲ್ ನೋಡು’ ಎನ್ನುತ್ತಾರೆ. ಬೆಂಗಳೂರಿನಿಂದ ಮಗಳು ‘ಮುಟ್ಟಲೇಬೇಡ, ಮರಳಿಸು’ ಎನ್ನುತ್ತಾಳೆ. ಇಬ್ಬರ ಬಳಿಯೂ ತೀರ್ಪು ಸಿದ್ಧವಾಗಿದೆ, ಕಾರಣ ಇಲ್ಲ. ಕಾರಣ ಗೊತ್ತಿರುವವರು ಹೇಳಿ. ನೀಲಿ ಕಲೆಯ ಸಂಗತಿಯನ್ನು ಅವರಿಗೆ ತಿಳಿಸಬೇಕೇ, ಸುಮ್ಮನಿರಬೇಕೇ ಎಂಬುದನ್ನೂ ಹೇಳಿ.

ಹಿಂದೆ ಕೊರಿಯರಿನಲ್ಲಿದ್ದವ, ಅಂಕೋಲಾ:

ಬೋಳು ಟೇಪು ಕಂಡ ಮಾತ್ರಕ್ಕೆ ಕಳ್ಳತನ ಎನ್ನಬೇಡಿ. ಹುಬ್ಬಳ್ಳಿಯಿಂದ ಗಾಡಿ ತುಂಬುವಾಗ ಮೊಬೈಲ್ ಪೊಟ್ಟಣದ ಮೇಲೆ ಮಿಕ್ಸರ್, ಅದರ ಮೇಲೆ ಅಕ್ವೇರಿಯಂ, ಹೀಗೆ ಸಿಕ್ಕಿದ್ದೆಲ್ಲ ಕೂರುತ್ತದೆ. ಮಳೆಗಾಲದಲ್ಲಿ ರಟ್ಟು ಮೆತ್ತಗಾಗಿ ಹರಿಯುತ್ತದೆ. ಹರಿದದ್ದನ್ನು ಕೈಗೆ ಸಿಕ್ಕ ಟೇಪಿನಿಂದ ಸುತ್ತಿ ಮುಂದಕ್ಕೆ ತಳ್ಳುತ್ತಿದ್ದೆವು. ಪೊಟ್ಟಣಕ್ಕೆ ಹಾನಿಯಾಗಿದೆ ಎಂದು ದಾಖಲಿಸಲು ಕುಳಿತರೆ ಅರ್ಧ ಗಂಟೆ ಬೇಕು, ಟೇಪು ಸುತ್ತಲು ಅರ್ಧ ನಿಮಿಷ.

ಮೊದಲು ಹೊರಚೀಟಿಯಲ್ಲಿ ತೂಕ ಅಚ್ಚಾಗಿದೆಯೇ ನೋಡಿ. ಇದ್ದರೆ ಅದೇ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಪೊಟ್ಟಣವನ್ನಿಟ್ಟು, ತಕ್ಕಡಿಯ ಅಂಕಿಯೂ ಚೀಟಿಯೂ ಒಟ್ಟಿಗೆ ಕಾಣುವಂತೆ ಫೋಟೋ ತೆಗೆಯಿರಿ. ರಟ್ಟು ನೆನೆದಿರುವುದರಿಂದ ತುಸು ಹೆಚ್ಚು ತೂಗಬಹುದು. ಕಡಿಮೆ ತೂಗಿದರೆ ಎಚ್ಚರ. ತೂಕ ಸರಿ ಬಂದರೂ ನಿಶ್ಚಿಂತೆಯಾಗಬೇಡಿ, ಮೊಬೈಲ್ ತೆಗೆದು ಸಾಬೂನು ಇಡುವವನು ತೂಕ ನೋಡಿಯೇ ಇಡುತ್ತಾನೆ. ಹೊರಪೆಟ್ಟಿಗೆಯನ್ನು ಒಲೆಗೆ ಹಾಕಬೇಡಿ.

ಮೊಬೈಲ್ ದುರಸ್ತಿ, ಕುಮಟಾ:

ಹೊರಪೆಟ್ಟಿಗೆ ಹರಿಯುವುದೂ ಒಳಪೆಟ್ಟಿಗೆಯ ಸೀಲ್ ಏಳುವುದೂ ಒಂದೇ ಅಲ್ಲ. ನನಗೆ ಎರಡನೆಯದೇ ಚಿಂತೆ. ರಟ್ಟು ಹರಿದು ಬಂದ ಎಷ್ಟೋ ಮೊಬೈಲ್‌ಗಳು ಚೆನ್ನಾಗಿವೆ. ಪೆಟ್ಟಿಗೆ ಹೊಳೆಯುತ್ತಿದ್ದು, ಒಳಗೆ ಯಾರೋ ಬಳಸಿ ಮರಳಿಸಿದ ಮೊಬೈಲ್ ಇದ್ದದ್ದನ್ನೂ ನೋಡಿದ್ದೇನೆ.

ಹೊರಪೆಟ್ಟಿಗೆಯನ್ನು ವಿಡಿಯೊ ಮಾಡುತ್ತಲೇ ಬಿಚ್ಚಿ, ಎಲ್ಲೂ ನಿಲ್ಲಿಸಬಾರದು. ಆರು ಮುಖ, ಚೀಟಿ, ಎದ್ದ ಸೀಲ್, ಎಲ್ಲವೂ ಕಾಣಲಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ಆದ್ದರಿಂದ ಮೂಲ ವಿಡಿಯೊ ನಿಮ್ಮಲ್ಲೇ ಇರಲಿ. ಆಮೇಲೆ ಸೀಲ್ ಮುಟ್ಟದೆ ಒಳಪೆಟ್ಟಿಗೆಯ ಚೀಟಿ ನೋಡಿ. ಅಲ್ಲಿ 15 ಅಂಕಿಗಳ ಐಎಂಇಐ, ಅಂದರೆ ಆ ಮೊಬೈಲಿನ ಗುರುತಿನ ಸಂಖ್ಯೆ, ಇರುತ್ತದೆ. ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಹಾಕಿ 14422ಕ್ಕೆ ಸಂದೇಶ ಕಳಿಸಿ. ದೂರಸಂಪರ್ಕ ಇಲಾಖೆಯ ವ್ಯವಸ್ಥೆ ಅದು. ಯಾವ ಕಂಪನಿ, ಯಾವ ಮಾದರಿ ಎಂದು ಉತ್ತರ ಬರುತ್ತದೆ. ನಕಲಿ, ನಿರ್ಬಂಧಿತ ಅಥವಾ ಈಗಾಗಲೇ ಬಳಕೆಯಲ್ಲಿದೆ ಎಂದು ಬಂದರೆ ಅಲ್ಲಿಗೇ ನಿಲ್ಲಿಸಿ. ಬಿಲ್ಲಿನಲ್ಲಿ ಐಎಂಇಐ ಇದ್ದರೆ ಅದನ್ನೂ ತಾಳೆ ನೋಡಿ.

ಎಲ್ಲ ಸರಿಯಿದ್ದರೆ ವಿಡಿಯೊ ಮುಂದುವರಿಸಿ ಸೀಲ್ ತೆಗೆಯಿರಿ. ಮೊಬೈಲ್ ತೇವವಾಗಿದ್ದರೆ ಆನ್ ಮಾಡಬೇಡಿ. ದಯವಿಟ್ಟು ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಚಾರ್ಜಿಂಗ್ ಕಿಂಡಿಯಿಂದ ಅಕ್ಕಿ ಪುಡಿ ಕೆರೆದು ಕೆರೆದು ನನಗೆ ಸಾಕಾಗಿದೆ. ಹಲವು ಮೊಬೈಲ್‌ಗಳಲ್ಲಿ ಸಿಮ್ ಇಡುವ ಕಿಂಡಿಯೊಳಗೆ ಸಣ್ಣದೊಂದು ಗುರುತು ಇರುತ್ತದೆ. ನೀರು ತಾಗಿದರೆ ಬಿಳಿ ಹೋಗಿ ಕೆಂಪಾಗುತ್ತದೆ. ಟಾರ್ಚ್ ಹಿಡಿದು ನೋಡಿ.

ಮೂಲೆ ಕುಸಿದಿದೆ ಎಂದಿರಲ್ಲ, ಮೊಬೈಲನ್ನು ಸಪಾಟಾದ ಮೇಜಿನ ಮೇಲೆ ಇಟ್ಟು ನೋಡಿ. ಬೆನ್ನು ಉಬ್ಬಿದ್ದರೆ, ಪರದೆಯ ಅಂಚು ಎದ್ದಿದ್ದರೆ ಚಾರ್ಜ್‌ಗೆ ಹಾಕಲೇಬಾರದು. ಲಿಥಿಯಂ ಬ್ಯಾಟರಿ ಜಜ್ಜಿದರೆ ಒಳಗೆ ಶಾರ್ಟ್ ಆಗಿ ಬಿಸಿಯೇರಬಹುದು, ಅದು ಆ ಕ್ಷಣಕ್ಕೇ ತಿಳಿಯಬೇಕೆಂದಿಲ್ಲ. ಮೊದಲ ಚಾರ್ಜ್ ಹಗಲಿನಲ್ಲಿ, ಕಣ್ಣೆದುರಿಗೇ ಆಗಲಿ. ಅಲುಗಿಸಿದಾಗ ಕ್ಯಾಮೆರಾ ಕಡೆಯಿಂದ ಸಣ್ಣಗೆ ಟಕಟಕ ಸದ್ದು ಬಂದರೆ ಹೆದರಬೇಡಿ. ಚಿತ್ರ ಅಲುಗದಂತೆ ಲೆನ್ಸ್ ತೇಲಿಸುವ ವ್ಯವಸ್ಥೆ ಇರುವ ಕ್ಯಾಮೆರಾಗಳಲ್ಲಿ ಅದು ಸಹಜ.

ಸಿಮ್ ಹಾಕಬೇಡಿ, ನಿಮ್ಮ ಖಾತೆಯನ್ನೂ ಸೇರಿಸಬೇಡಿ, ಬರೀ ವೈಫೈ ಸಾಕು. *#06# ಒತ್ತಿದಾಗ ಬರುವ ಸಂಖ್ಯೆ ಪೆಟ್ಟಿಗೆಯದ್ದೇ ಆಗಿರಬೇಕು. ಕೊನೆಗೆ ತಯಾರಕರ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ವಾರಂಟಿ ಯಾವಾಗ ಶುರುವಾಗಿದೆ ನೋಡಿ. ಎಲ್ಲ ಕಂಪನಿಗಳೂ ದಿನಾಂಕ ತೋರಿಸುವುದಿಲ್ಲ. ತೋರಿಸಿದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರಿಲ್ಲ.

ಯಲ್ಲಾಪುರ ನಾಕೆ:

ಶಿರಸಿ ಪೇಟೆಯಲ್ಲಿ ಮೊಬೈಲ್ ಅಂಗಡಿ ಇಲ್ಲವೇ? ಮುನ್ನೂರು ರೂಪಾಯಿ ಉಳಿಸಲು ಹೋದವರ ಕಥೆ ಇಷ್ಟೇ.

ಹುಲೇಕಲ್ ರಸ್ತೆಯವಳು:

ಇದೆ. ಕೇಳಿದ್ದೆ, ಈ ಮಾದರಿ ಇರಲಿಲ್ಲ. ನಮ್ಮ ಮನೆಗೆ ಟವರ್ ಸಿಗುವುದಿಲ್ಲ, ಫೈಬರ್ ಇದೆ. ವೈಫೈ ಮೂಲಕ ಕರೆ ಬರುವ ಮೊಬೈಲೇ ಬೇಕು. ಈಗ ಯಾರಾದರೂ ಕರೆ ಮಾಡಿದರೆ ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಬೇಕು, ಈ ಮಳೆಯಲ್ಲಿ, ಕೊಡೆ ಹಿಡಿದು. ಮುನ್ನೂರು ರೂಪಾಯಿಯ ಮಾತು ನಾನು ಎತ್ತಿಯೇ ಇಲ್ಲ.

ವಕೀಲ, ಕಾರವಾರ:

ನೀಲಿ ಕಲೆಯನ್ನು ಮುಚ್ಚಿಡಬೇಡಿ. ಅದು ಅಂಗಡಿಯಲ್ಲಿ ಆದದ್ದು ಎಂದು ನೀವೇ ಮೊದಲು ಬರೆದರೆ ಉಳಿದ ಮಾತಿಗೆ ತೂಕ ಬರುತ್ತದೆ. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಹರುಕನ್ನೂ ಅಂಗಡಿಯವರ ತಲೆಗೇ ಕಟ್ಟುತ್ತಾರೆ.

ದೂರವಾಣಿಯಲ್ಲಿ ಮಾತಾಡಿದ್ದಕ್ಕೆ ಬೆಲೆಯಿಲ್ಲ, ಬರಹದಲ್ಲಿ ದೂರು ಕೊಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿರಬೇಕು. ಆ ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿದೆ ಎಂದು ತಿಳಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ದೋಷವಿರುವ ಅಥವಾ ಹೇಳಿದಂತೆ ಇಲ್ಲದ ಸರಕನ್ನು ಮಾರಾಟಗಾರ ಹಿಂದಕ್ಕೆ ಪಡೆಯುವುದಿಲ್ಲ ಎನ್ನುವಂತಿಲ್ಲ. ಅವರು ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಅದೂ ಆಗದಿದ್ದರೆ ಇಲ್ಲಿ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾರಿದವನ ಕಚೇರಿ ಎಲ್ಲೇ ಇರಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೆಂಬ ನಿರ್ಬಂಧವೂ ಇಲ್ಲ. ಇದನ್ನು ಹೇಳುವುದು ನನ್ನ ವೃತ್ತಿಗೆ ಒಳ್ಳೆಯದಲ್ಲ.

ಹುಲೇಕಲ್ ರಸ್ತೆಯವಳು:

ಎಲ್ಲರಿಗೂ ಧನ್ಯವಾದ. ಏನಾಯಿತೆಂದು ಬರೆಯುತ್ತೇನೆ.

ತೂಕ ಸರಿ ಬಂತು. 14422ರಿಂದ ಬಂದ ಉತ್ತರದಲ್ಲೂ ಆಕ್ಷೇಪವಿರಲಿಲ್ಲ. ಮೊಬೈಲ್ ಒಣಗಿತ್ತು, ಗುರುತು ಬಿಳಿಯೇ ಇತ್ತು, ಬೆನ್ನು ಸಪಾಟಾಗಿತ್ತು. ಪರದೆ, ಕ್ಯಾಮೆರಾ ಎಲ್ಲ ಸರಿ. ನಮ್ಮವರು ಗೆದ್ದ ಮುಖ ಮಾಡಿ ತೋಟಕ್ಕೆ ಹೋದರು. ಆಮೇಲೆ ವಾರಂಟಿ ನೋಡಿದೆ: ಕಳೆದ ದೀಪಾವಳಿಯ ಹೊತ್ತಿಗೇ ಶುರುವಾಗಿತ್ತು! ಯಾರೋ ಕೊಂಡು ಮರಳಿಸಿದ ಮೊಬೈಲನ್ನೇ ನನಗೆ ಹೊಸದೆಂದು ಕಳಿಸಿದ್ದರು. ನಾನು ಹರಿದ ರಟ್ಟನ್ನೇ ನೋಡುತ್ತ ಕುಳಿತಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ದಿನಾಂಕದ ಪುಟ, ವಿಡಿಯೊ, ಫೋಟೋಗಳು, ನೀಲಿ ಕಲೆಯ ವಿವರಣೆ, ಎಲ್ಲವನ್ನೂ ಕುಂದುಕೊರತೆ ಅಧಿಕಾರಿಗೆ ಕಳಿಸಿದೆ. ಮರಳಿ ಪಡೆಯಲು ಒಪ್ಪಿದರು. ಆದರೆ ಒಯ್ಯಲು ಬಂದ ಹುಡುಗನ ಯಂತ್ರದಲ್ಲಿ ‘ಪೆಟ್ಟಿಗೆ ಸುಸ್ಥಿತಿಯಲ್ಲಿದೆಯೇ’ ಎಂಬ ಪ್ರಶ್ನೆಯಿತ್ತು. ಅವನು ಪ್ರಾಮಾಣಿಕ, ಇಲ್ಲ ಎಂದು ಒತ್ತಿದ. ಮರಳಿಕೆ ರದ್ದಾಯಿತು! ಹರಿದು ಬಂದದ್ದಕ್ಕೆ ಕೊಟ್ಟ ದೂರು, ಹರಿದಿದೆ ಎಂಬ ಕಾರಣಕ್ಕೆ ತಿರಸ್ಕೃತ. ಆಗ 1915ರಲ್ಲಿ ದೂರು ದಾಖಲಿಸಿ, ಆ ದೂರು ಸಂಖ್ಯೆಯನ್ನು ಅದೇ ಅಧಿಕಾರಿಗೆ ಕಳಿಸಿದೆ. ಮುಂದಿನ ಸಲ ಬಂದವನು ಏನನ್ನೂ ಕೇಳದೆ ಒಯ್ದ. ಹಣ ಪೂರ್ತಿ ಮರಳಿದೆ.

ಒಂದೇ ಪ್ರಶ್ನೆ ಉಳಿದಿದೆ. ಅದೇ ಮೊಬೈಲಿಗೆ ಹೊಸ ಸೀಲ್ ಹಚ್ಚಿ ಇನ್ನೊಬ್ಬರಿಗೆ ಕಳಿಸುವುದಿಲ್ಲ ಎಂದು ಏನು ಖಾತ್ರಿ? ನನ್ನ ಹಣ ಬಂದ ಮೇಲೆ ಅದನ್ನು ಕೇಳುವ ಹಕ್ಕು ನನಗಿದೆಯೇ?

ವಕೀಲ, ಕಾರವಾರ:

ಇದೆ. ಅನುಚಿತ ವ್ಯಾಪಾರ ಪದ್ಧತಿಯ ವಿಷಯವನ್ನು ನೋಡಲೆಂದೇ 2020ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬಂದಿದೆ. ದೆಹಲಿಗೇ ಬರೆಯಬೇಕೆಂದಿಲ್ಲ, ಕಾಯ್ದೆಯ 17ನೆಯ ಕಲಮಿನಡಿ ಜಿಲ್ಲಾಧಿಕಾರಿಗೂ ದೂರು ಕೊಡಬಹುದು. ಐಎಂಇಐ, ವಾರಂಟಿಯ ದಿನಾಂಕ, ಹಣ ಮರಳಿಸಿದ ದಾಖಲೆ ಇಷ್ಟನ್ನು ಲಗತ್ತಿಸಿ. ನಿಮಗೇ ಪರಿಹಾರ ಬೇಕೆನಿಸಿದರೆ ಅದು ಬೇರೆ, ಅದಕ್ಕೆ ಆಯೋಗದಲ್ಲಿ ಎರಡು ವರ್ಷಗಳ ಅವಧಿ ಇದೆ.

ಹುಲೇಕಲ್ ರಸ್ತೆಯವಳು:

ಪರಿಹಾರ ಬೇಡ. ಜಿಲ್ಲಾಧಿಕಾರಿಗೆ ಬರೆಯುತ್ತೇನೆ.