ಪದಚರ್ಚೆ: ‘ಅನುಕರಿಸು’ ಸಾಕೇ, ‘ಸರಿಗಟ್ಟು’ ಬೇಕೇ?

ಗೆಳೆಯರೇ,

ಒಂದು ಪದಕ್ಕೆ ನಿಮ್ಮ ನೆರವು ಬೇಕು. ಕಂಪ್ಯೂಟರಿಗೆ ಮನುಷ್ಯನ ಬುದ್ಧಿ ಬಂದೀತೇ ಅನ್ನುವ ಬಗ್ಗೆ ಪಿಯುಸಿ ಮಕ್ಕಳಿಗೆಂದು ಬರೆಯುತ್ತಿದ್ದೇನೆ. ಬ್ರಿಟನ್ನಿನ ಗಣಿತಜ್ಞ, ಭೌತವಿಜ್ಞಾನಿ ರೋಜರ್ ಪೆನ್‌ರೋಸ್ 1989ರಿಂದ ಹೇಳುತ್ತಾ ಬಂದಿರುವ ವಾದವೇ ಅದರ ತಿರುಳು. ‘ಎಮ್ಯುಲೇಟ್’ (ಒಂದರ ಕೆಲಸವನ್ನು ಇನ್ನೊಂದು ಹಾಗೆಹಾಗೇ ಮಾಡಿ ತೋರಿಸುವುದು) ಬಂದಲ್ಲೆಲ್ಲ ‘ಅನುಕರಿಸು’ ಎಂದು ಹಾಕಿದ್ದೆ. ಓದಿದ ಹುಡುಗಿಯೊಬ್ಬಳು ಕೇಳಿದಳು: “ಗಿಣಿನೂ ಅನುಕರಿಸುತ್ತೆ ಅಲ್ವಾ ಸರ್? ಅದರಲ್ಲೇನು ಕಷ್ಟ?”

ಅವಳ ಮಾತು ಸರಿ. ಪೆನ್‌ರೋಸ್ ಹೇಳುವುದು ಇದಕ್ಕಿಂತ ಗಟ್ಟಿ ಮಾತು. ಮಿದುಳಿನಲ್ಲಿ ಕ್ವಾಂಟಮ್ ಮಟ್ಟದಲ್ಲಿ, ಅಂದರೆ ಪರಮಾಣುವಿನಷ್ಟು ಕಿರಿದಾದ ಕಣಗಳ ಮಟ್ಟದಲ್ಲಿ, ನಡೆಯುವ ಏನೋ ಒಂದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ ಅನ್ನುತ್ತಾರೆ. ಹಾಗಾಗಿ ಒಳಗೆ ಅರಿವು ಮೂಡುವುದಿರಲಿ, ಹೊರಗಿನ ನಡೆಯನ್ನು ಪೂರ್ತಿ ತೋರಿಸುವುದೂ ಕಂಪ್ಯೂಟರಿಗೆ ಆಗದು. ‘ಅನುಕರಿಸು’ ಎಂದರೆ ಈ ಮಾತು ಸುಮ್ನೆ ಸಪ್ಪೆಯಾಗುತ್ತದೆ.

ಇನ್ನೊಂದು ತೊಡಕಿದೆ. ಕ್ವಾಂಟಮ್ ಲೆಕ್ಕವನ್ನು ನಮ್ಮ ಮಾಮೂಲಿ ಕಂಪ್ಯೂಟರೂ ಮಾಡುತ್ತದೆ, ಆದರೆ ಹೊರೆ ವಿಪರೀತ. ಬರೀ 50 ಕ್ಯೂಬಿಟ್‌ಗಳ (ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾಹಿತಿ ಹಿಡಿದಿಡುವ ಪುಟ್ಟ ಘಟಕಗಳ) ಸ್ಥಿತಿಯನ್ನು ಪೂರ್ತಿ ಬರೆದಿಡಲು 1ರ ಮುಂದೆ 15 ಸೊನ್ನೆ ಹಾಕಿದರೆ ಬರುವುದಕ್ಕಿಂತ ಜಾಸ್ತಿ ಸಂಖ್ಯೆಗಳು ಬೇಕು. ಅದು ‘ಮುಗಿಯದ’ ಲೆಕ್ಕ. ಪೆನ್‌ರೋಸ್ ಹೇಳುವುದು ಎಷ್ಟು ಹೊತ್ತು ಕೊಟ್ಟರೂ ‘ಆಗದ’ ಲೆಕ್ಕ. ಇವೆರಡು ಬೇರೆ ಬೇರೆ ಎಂದು ಮಕ್ಕಳಿಗೆ ತಿಳಿಯಲೇಬೇಕು. (ಮಿದುಳು ಬೆಚ್ಚಗಿರುವ ಜಾಗ, ಅಲ್ಲಿ ಕ್ವಾಂಟಮ್ ಸ್ಥಿತಿ ಕಣ್ಣೆವೆ ಮಿಟುಕಿಸುವುದರೊಳಗೆ, ಅದಕ್ಕೂ ಎಷ್ಟೋ ಮೊದಲೇ, ಕೆಟ್ಟುಹೋಗುತ್ತದೆ ಎಂದು 2000ದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ ಲೆಕ್ಕ ಹಾಕಿ ತೋರಿಸಿದರು. ನನಗೆ ಒಪ್ಪಿಗೆಯಾಗುವುದು ಅದೇ. ಆದರೂ ಪೆನ್‌ರೋಸ್ ವಾದದ ಕಸುವು ಕನ್ನಡದಲ್ಲಿ ಕುಂದಬಾರದು.)

ಯೋಚಿಸಿದ ಪದಗಳು ಇವು. ‘ಅಣಕು’ ಬೆಂಕಿ ನಂದಿಸುವ ಅಣಕು ಪ್ರದರ್ಶನಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಅಲ್ಲಿ ಬೆಂಕಿಯೇ ನಿಜವಲ್ಲ. ‘ನಕಲು’ ಪಹಣಿಗೆ ಸರಿ, ಬುದ್ಧಿಗೆ ಹಚ್ಚಿದರೆ ‘ನಕಲಿ’ಯ ನೆರಳು ಬೀಳುತ್ತದೆ. ‘ಪಡಿಯಚ್ಚು’ ನನಗೆ ಬಹಳ ಇಷ್ಟ. ಆದರೆ “ಥೇಟ್ ಅಪ್ಪನ ಪಡಿಯಚ್ಚು” ಅನ್ನುವಾಗ ನಾವು ನೋಡುವುದು ಮುಖವನ್ನು, ಅವನು ಮಾಡುವ ಕೆಲಸವನ್ನಲ್ಲ.

ಸದ್ಯಕ್ಕೆ ‘ಸರಿಗಟ್ಟು’ ಎಂದು ತಿದ್ದಿದ್ದೇನೆ: “ಕಂಪ್ಯೂಟರು ಮನುಷ್ಯನ ಬುದ್ಧಿಯನ್ನು ಸರಿಗಟ್ಟಬಲ್ಲದೇ?” ಅದೇ ಹುಡುಗಿಗೆ ತೋರಿಸಿದೆ. ಈ ಸಲ ಗಿಣಿಯ ಮಾತು ಬರಲಿಲ್ಲ. “ಯಾವುದರಲ್ಲಿ ಸರಿಗಟ್ಟೋದು?” ಎಂದಳು. ಸರಿಯಾದ ಪ್ರಶ್ನೆ ಹುಟ್ಟಿತು ಎಂದು ಖುಷಿಯಾಯಿತು. ಆದರೂ ಇದರಲ್ಲಿ ಪೈಪೋಟಿಯ ವಾಸನೆ ಇದೆ.

ಒಬ್ಬರ ಕೆಲಸವನ್ನು ಇನ್ನೊಬ್ಬರು ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ಮಾಡಿದರೆ ಧಾರವಾಡದ ಕಡೆ, ಕರಾವಳಿಯ ಕಡೆ ಏನನ್ನುತ್ತೀರಿ? ಮನೆಯಲ್ಲಿ ಆಡುವ ಮಾತೇ ಆದರೂ ತಿಳಿಸಿ.