‘ಅಕಾಲಿಕ’, ‘ಅವಧಿಪೂರ್ವ’, ‘ದಿನ ತುಂಬದ’: ಯಾವುದು ಸರಿ?

ಮಾನ್ಯರೇ,

ನವೆಂಬರ್ 17ರ ವಿಶ್ವ ಅವಧಿಪೂರ್ವ ಜನನ ದಿನ ಹಾಗೂ 15ರಿಂದ 21ರವರೆಗಿನ ರಾಷ್ಟ್ರೀಯ ನವಜಾತ ಶಿಶು ಸಪ್ತಾಹದ ಬರಹಗಳಲ್ಲಿ ‘ಅಕಾಲಿಕ ಹೆರಿಗೆ’, ‘ಅವಧಿಪೂರ್ವ ಜನನ’ ಎಂಬೆರಡೂ ರೂಪಗಳು ಕಾಣುತ್ತವೆ. ಇವುಗಳಲ್ಲಿ ಯಾವುದು ಉಚಿತವೆಂಬುದು ನನ್ನ ಪ್ರಶ್ನೆ.

‘ಅಕಾಲಿಕ’ ಎಂದೊಡನೆ ಅಕಾಲಿಕ ಮಳೆಯೋ ಅಕಾಲಿಕ ಮರಣವೋ ನೆನಪಾಗುವುದರಿಂದ, ಬಸುರಿಯ ಎದುರಿಗೆ ಆಡಲು ಅದು ತಕ್ಕ ಮಾತಲ್ಲವೆಂದು ನನ್ನ ಅನಿಸಿಕೆ. ‘ಅವಧಿಪೂರ್ವ’ದಲ್ಲಿ ಆ ದೋಷವಿಲ್ಲ, ಆದರೆ ಪತ್ರಿಕೆಗಳು ಅದನ್ನು ಚುನಾವಣೆಗೂ ಬಳಸುತ್ತವೆ! ‘ದಿನ ತುಂಬದ ಹೆರಿಗೆ’ ಮನೆಮಾತಿನದು. ‘ತುಂಬು ಗರ್ಭಿಣಿ’ ಎನ್ನುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ದಿನ ತುಂಬುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ, ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ 37 ವಾರ, ಅಂದರೆ 259 ದಿನ, ತುಂಬುವ ಮೊದಲೇ ಆಗುವ ಹೆರಿಗೆ ಅವಧಿಪೂರ್ವದ್ದು. ಮನೆಯ ಎಣಿಕೆ ತಿಂಗಳಿನದು, ಅದೂ ನಡೆಯುತ್ತಿರುವ ತಿಂಗಳಿನದು. ‘ಒಂಬತ್ತಕ್ಕೆ ಬಿತ್ತು’ ಎಂದರೆ ತುಂಬಿರುವುದು ಎಂಟೇ ತಿಂಗಳು, ಸುಮಾರು 35 ವಾರ; 37 ತುಂಬಲು ಇನ್ನೂ ಎರಡು ವಾರ ಬೇಕು. ಆ ನಡುವೆ ನೋವು ಕಾಣಿಸಿಕೊಂಡರೆ ‘ಹೇಗೂ ಒಂಬತ್ತಲ್ಲವೇ’ ಎಂದು ಮನೆಯವರು ನಿಶ್ಚಿಂತರಾಗಬಹುದು. ಕರಪತ್ರದಲ್ಲಿ ‘ಒಂಬತ್ತು ತಿಂಗಳಿಗೆ ಮೊದಲು’ ಎಂದಷ್ಟೇ ಬರೆದರೆ ಈ ಗೊಂದಲ ಹೋಗದು.

ಇದು ಬರಿಯ ಪದದ ಚರ್ಚೆಯಲ್ಲ. ಅವಧಿಗೆ ಮೊದಲೇ ನೋವು ಬಂದಾಗ ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುವ ಬಗೆಗಿನ ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ 24ರಿಂದ 34 ವಾರಗಳ ಲೆಕ್ಕವನ್ನೇ ನಂಬಿದೆ. ಆದ್ದರಿಂದ ಗರ್ಭಿಣಿಯ ‘ತಾಯಿ ಕಾರ್ಡ್’ನಲ್ಲಿ ಬರೆಯುವ ಕೊನೆಯ ಮುಟ್ಟಿನ ದಿನಾಂಕ ಸರಿಯಿದ್ದರಷ್ಟೇ ಉಳಿದುದೆಲ್ಲ ಸರಿ.

ಇನ್ನೊಂದು ಮಾತು: 2.5 ಕಿಲೋಗಿಂತ ಕಡಿಮೆ ತೂಕದ ಮಗುವೆಲ್ಲ ದಿನ ತುಂಬದ್ದಲ್ಲ. ಬರಹಗಳಲ್ಲಿ ಇವೆರಡೂ ಬೆರೆತುಹೋಗುತ್ತವೆ.

‘37 ವಾರ ತುಂಬದ ಹೆರಿಗೆ’ ಎಂದು ಗೋಡೆಬರಹದಲ್ಲಿ ಹಾಕಿದರೆ ತಮ್ಮ ಊರಿನ ಹಿರಿಯ ಹೆಂಗಸರಿಗೆ ತಿಳಿದೀತೇ? ನಡೆಯುವ ತಿಂಗಳಿಗೂ ತುಂಬಿದ ತಿಂಗಳಿಗೂ ಅವರಲ್ಲಿ ಬೇರೆ ಬೇರೆ ಮಾತುಗಳಿದ್ದರೆ ದಯವಿಟ್ಟು ತಿಳಿಸಬೇಕು.