ಅಪ್‌ಡೇಟ್: ಬ್ರೌಸರ್ ಓಡುತ್ತೆ, ಮೇಲ್ ಆ್ಯಪ್ ಓಡಲ್ಲ – ಕಾರಣ ಎಂಟಿಯು (ಒಮ್ಮೆಗೆ ಕಳಿಸುವ ಡೇಟಾ ತುಣುಕು, ಅಂದರೆ ಪ್ಯಾಕೆಟ್‌ನ ಗಾತ್ರದ ಮಿತಿ)

ಮೊದಲು ಕೇಳಿದ್ದು ಇಷ್ಟು: ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಗೂಗಲ್, ಯೂಟ್ಯೂಬ್ ಸರಾಗ, ಆದರೆ ಮೇಲ್ ಆ್ಯಪ್ ಮತ್ತು ಆಫೀಸಿನ ವಿಪಿಎನ್ ಲಾಗಿನ್‌ನಲ್ಲೇ ಸುತ್ತುತ್ತಿದ್ದವು. ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿದರೆ ಎಲ್ಲವೂ ಸರಿ. ಡಿಎನ್‌ಎಸ್ ಬದಲಿಸಿ, ಆ್ಯಂಟಿವೈರಸ್ ಆಫ್ ಮಾಡಿದರೂ ಪ್ರಯೋಜನವಾಗಲಿಲ್ಲ.

ಈಗ ಸರಿಹೋಗಿದೆ. ಪತ್ತೆಗೆ ನೆರವಾದದ್ದು ಪಿಂಗ್, ಅಂದರೆ ಪರೀಕ್ಷಾ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತಾ ನೋಡುವ ಕಮಾಂಡ್. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪಿಂಗ್ 8.8.8.8 -ಎಫ್ -ಎಲ್ 1472’ (ಎಫ್ ಅಂದರೆ ಪ್ಯಾಕೆಟ್ ಒಡೆಯಬೇಡ, ಎಲ್ ಅಂದರೆ ಬೈಟ್‌ಗಳಲ್ಲಿ ಗಾತ್ರ) ಕೊಟ್ಟರೆ ಬರೀ ‘ರಿಕ್ವೆಸ್ಟ್ ಟೈಮ್ಡ್ ಔಟ್’. 1464ಕ್ಕೆ ಇಳಿಸಿದ ತಕ್ಷಣ ನಾಲ್ಕೂ ಉತ್ತರ ಬಂತು. 1464ಕ್ಕೆ ಹೆಡರ್‌ನ (ಪ್ಯಾಕೆಟ್‌ನ ವಿಳಾಸ ಇತ್ಯಾದಿ ಇರುವ ಭಾಗ) 28 ಬೈಟ್ ಸೇರಿಸಿ: 1492. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವ ಬ್ರಾಡ್‌ಬ್ಯಾಂಡ್) ಸಂಪರ್ಕ ಪ್ರತಿ ಪ್ಯಾಕೆಟ್‌ನಲ್ಲಿ 8 ಬೈಟ್ ತಿನ್ನುತ್ತೆ, ಆದರೆ ರೂಟರ್‌ನಲ್ಲಿ ವ್ಯಾನ್ (ಇಂಟರ್ನೆಟ್ ಕಡೆಯ) ಎಂಟಿಯು 1500 ಎಂದೇ ಇತ್ತು. ದೊಡ್ಡ ಪ್ಯಾಕೆಟ್ ದಾರಿಯಲ್ಲೇ ಬಿದ್ದುಹೋಗುತ್ತೆ, ‘ಚಿಕ್ಕದು ಮಾಡು’ ಎಂಬ ಸೂಚನೆಯೂ ವಾಪಸ್ ಬರಲ್ಲ. ಸರ್ವರ್ ತನ್ನ ಗುರುತು ತೋರಿಸುವ ಸರ್ಟಿಫಿಕೇಟ್ ಕಳಿಸುವಾಗಲೇ ಪ್ಯಾಕೆಟ್ ತುಂಬಿರುತ್ತೆ, ಅದಕ್ಕೇ ಲಾಗಿನ್‌ನಲ್ಲಿ ನಿಲ್ಲುತ್ತಿತ್ತು. ಕ್ರೋಮ್‌ನಲ್ಲಿ ಗೂಗಲ್ ತಾಣಗಳು ಕ್ವಿಕ್ (ಕ್ಯುಯುಐಸಿ) ಎಂಬ ಬೇರೆ ಪ್ರೋಟೊಕಾಲ್ ಬಳಸುತ್ತವೆ. ಅದರ ಪ್ಯಾಕೆಟ್ ಚಿಕ್ಕದು, ಹಾಗಾಗಿ ಪಾರಾದವು. ಈ ವ್ಯತ್ಯಾಸವೇ ಆ್ಯಪ್‌ನ ಮೇಲೆ ಅನುಮಾನ ಹುಟ್ಟಿಸಿ ದಾರಿ ತಪ್ಪಿಸುತ್ತೆ.

ರೂಟರ್‌ನ ವ್ಯಾನ್ ಪುಟದಲ್ಲಿ ಎಂಟಿಯು 1492 ಮಾಡಿ, ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್‌ನೊಳಗಿನ ಡೇಟಾ ಗಾತ್ರಕ್ಕೆ ಮಿತಿ ಹಾಕುವ ಆಯ್ಕೆ) ಇದ್ದರೆ 1452 ಕೊಟ್ಟು ರೀಸ್ಟಾರ್ಟ್ ಮಾಡಿ. ರೂಟರ್ ಪಾಸ್‌ವರ್ಡ್ ಕೈಯಲ್ಲಿ ಇಲ್ಲದವರು ಲ್ಯಾಪ್‌ಟಾಪ್‌ನ ವೈಫೈ ಎಂಟಿಯುವನ್ನೇ 1492ಕ್ಕೆ ಇಳಿಸಬಹುದು, ಆದರೆ ಮನೆಯ ಬೇರೆ ಸಾಧನಗಳಿಗೆ ತೊಂದರೆ ಹಾಗೇ ಉಳಿಯುತ್ತೆ. ವಿಪಿಎನ್ ಆಮೇಲೂ ತಡವರಿಸಿದರೆ ಅದರ ಎಂಟಿಯು 1400ಕ್ಕೆ ಇಟ್ಟು ನೋಡಿ.